ಬಿಳಿ ಅಂಕಿಯ ವಾಚು

ಅಲ್ಲೇ ನಿಲ್ಲು ಅಕ್ಕ, ಕಾಲಿಡ್ಬೇಡ... ನೆಲದ ಮೇಲೆ ಒಂದು ಸ್ಕ್ರೂ ಬಿದ್ದಿದೆ. ವಾಚಿಂದು, ಸಾಸಿವೆ ಕಾಳಿಗಿಂತ ಚಿಕ್ಕದು. ಆಗಿಂದ ತಡಕಾಡ್ತಾ ಇದೀನಿ. ನೀನು ಬಗ್ಗಬೇಡ, ಬಿಡು... ಸಿಕ್ತಾ? ಇಷ್ಟು ಬೇಗ? ನನ್ನ ಕಾಲ ಹತ್ರನೇ ಇತ್ತಾ... ಈ ಮನೇಲಿ ಬೆಳಕೇ ಸರಿಯಿಲ್ಲ ನೋಡು.

ಯಾಕೆ ನಗ್ತೀಯ? ಸ್ಕೂಲ್ ವ್ಯಾನ್ ಓಡಿಸೋನು ವಾಚ್ ರಿಪೇರಿಗೆ ಕೂತಿದಾನೆ ಅಂತಾನಾ? ನಗು, ನಗು. ರಿಪೇರಿ ಅಲ್ಲ ಇದು. ವಾಚು ಚೆನ್ನಾಗೇ ಇತ್ತು, ನಾನೇ ಬಿಚ್ಚಿರೋದು. ಡಿಜಿಟಲ್ ವಾಚಲ್ಲಿ ಬೂದು ಬಣ್ಣದ ಮೇಲೆ ಕಪ್ಪು ಅಂಕಿ ಬರುತ್ತಲ್ಲ, ಅದನ್ನ ಉಲ್ಟಾ ಮಾಡ್ತಾ ಇದೀನಿ. ಕಪ್ಪಿನ ಮೇಲೆ ಬಿಳಿ ಅಂಕಿ. ದಪ್ಪ ದಪ್ಪ ಅಂಕಿ, ಬೆಳ್ಳಗೆ, ಕಣ್ಣಿಗೆ ಹೊಡೆಯೋ ಹಾಗೆ... ಸುಮ್ನೆ, ಒಂದು ಹವ್ಯಾಸ. ಭಾವ ಮೀನು ಸಾಕ್ತಾರಲ್ಲ, ಹಾಗೆ.

ಕೂತ್ಕೋ, ಹೇಳ್ತೀನಿ. ನೀನು ಯಾಕೆ ಬಂದಿದೀಯ ಅಂತ ಗೊತ್ತು, ಪುಟ್ಟಿ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಇದನ್ನ ಕೇಳು. ಈ ಗಾಜಿನ ಮೇಲೆ ಒಂದು ತೆಳ್ಳನೆ ಪದರ ಅಂಟಿಸಿರ್ತಾರೆ, ಪ್ಲಾಸ್ಟಿಕ್ ಹಾಳೆ ತರ. ಅದನ್ನ ಬ್ಲೇಡಲ್ಲಿ ಮೆಲ್ಲಗೆ ಎಬ್ಬಿಸಿ ಕೀಳ್ಬೇಕು. ಮೊದಲನೇ ವಾಚಲ್ಲಿ ಕಿತ್ತೆ ನೋಡು, ಅಂಕಿ ಎಲ್ಲಾ ಮಾಯ. ಕೊಂದುಬಿಟ್ನಲ್ಲಪ್ಪ ಅಂದ್ಕೊಂಡು ಕಸಕ್ಕೆ ಹಾಕಿದೆ. ಆಮೇಲೆ ವಿಡಿಯೋದಲ್ಲಿ ಒಬ್ಬ ಹೇಳ್ತಾನೆ, ಪದರ ಇಲ್ಲದಿದ್ರೆ ಯಾರ ಕಣ್ಣಿಗೂ ಅಂಕಿ ಕಾಣಲ್ವಂತೆ. ಅದು ಒಳಗೆ ಇದ್ದೇ ಇರುತ್ತಂತೆ. ಒಳ್ಳೇ ವಾಚನ್ನ ಕೈಯಾರೆ ಬಿಸಾಕಿದೆ... ನಕ್ಕುಬಿಡು, ನಂಗೇ ನಗು ಬರುತ್ತೆ. ಎರಡನೇದರಲ್ಲಿ ಗಾಜೇ ಸೀಳ್ತು. ಇದು ಮೂರನೇದು. ಹೊಸ ಹಾಳೆ ಕತ್ತರಿಸಿ ಅಡ್ಡಡ್ಡ ತಿರುಗಿಸಿ ಕೂರಿಸಿದೀನಿ. ಹಾಗೆ ತಿರುಗಿಸಿದ್ರೆ ಕಪ್ಪು ಬಿಳಿಯಾಗುತ್ತೆ, ಬಿಳಿ ಕಪ್ಪಾಗುತ್ತೆ. ಎಲ್ಲಾ ಬೆರಳಲ್ಲೇ ಅಂದಾಜು ಮಾಡಿ...

ಏನಂದೆ? ಕುತ್ತಿಗೆನಾ? ಹಿಡ್ಕೊಂಡಿದೆ ಅಷ್ಟೆ. ಅದಕ್ಕೇ ಓರೆಯಾಗಿ ನೋಡ್ತಾ ಇರೋದು. ಅದೂ ತಪ್ಪಾ?

ಆಯ್ತು, ಆಯ್ತು, ಪುಟ್ಟಿ ವಿಷಯನೇ ಮಾತಾಡೋಣ. ಹೌದು, ನಿನ್ನ ಮಗಳನ್ನ ಪಕ್ಕದ ಬೀದಿಲಿ ಇಳಿಸಿದೆ. ತಪ್ಪಾಯ್ತು. ಹಿಂದೆ ಮಕ್ಕಳು ಕಿತ್ತಾಡ್ತಾ ಇದ್ವು, ತಲೆ ಕೆಟ್ಟುಹೋಗಿತ್ತು. ಆ ಮನೇಗೂ ನಿಮ್ಮ ತರಾನೇ ನೀಲಿ ಗೇಟು, ಹಾಗಾಗಿ... ಏನು? ಹಸಿರಾ? ನಿಮ್ಮ ಗೇಟಿಗೆ ಹಸಿರು ಬಣ್ಣ ಹೊಡೆಸಿದ್ದು ಯಾವಾಗ? ಹೋದ ವರ್ಷನೇ...

ಗಮನಿಸಿಲ್ಲಪ್ಪ. ದಿನಾ ಎರಡು ಹೊತ್ತು ಬರ್ತೀನಿ, ನಿಮ್ಮ ಗೇಟಿಗೆ ಆರತಿ ಎತ್ತೋಕೆ ಬರ್ತೀನಾ? ದಾರಿ ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು. ಎಲ್ಲಿ ಹಳ್ಳ, ಎಲ್ಲಿ ತಿರುವು, ಎಲ್ಲಿ ನಾಯಿ ಮಲಗಿರುತ್ತೆ... ಹನ್ನೆರಡು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ ವ್ಯಾನಿಗೆ. ತೊಂದರೆ ಆಗ್ತಿರೋದು ಟೈಮಿಂದೇ ಅಕ್ಕ. ಟೈಮ್ ತಪ್ಪಿಹೋಗ್ತಿದೆ. ಈ ವಾರ ಎರಡು ಮನೆ ಮುಂದೆ ಮಕ್ಕಳು ಬರೋ ಮೊದಲೇ ಹೊರಟುಬಿಟ್ಟೆ. ಹೆಡ್‌ಮೇಡಂ ಕರೆದು, ಇನ್ನೊಂದ್ಸಲ ಹೀಗಾದ್ರೆ ಬೇರೆ ಡ್ರೈವರ್‌ನ ಹುಡುಕ್ತೀವಿ ಅಂದ್ರು. ಅದಕ್ಕೇ ಈ ವಾಚು. ಇದೊಂದು ಸರಿಯಾಗಿ ಕಂಡುಬಿಟ್ರೆ ಎಲ್ಲಾ ಸರಿಹೋಗುತ್ತೆ. ಗಂಟೆ ಗೊತ್ತಾದ್ರೆ ಸಾಕು, ಉಳಿದಿದ್ದೆಲ್ಲಾ ನಂಗೆ ಬರುತ್ತೆ... ನಂಬು ಅಕ್ಕ.

ಮಾತಾಡು. ಹಾಗೆ ತಲೆ ಆಡಿಸಿದ್ರೆ ನಂಗೇನು ಗೊತ್ತಾಗುತ್ತೆ?

ಕಣ್ಣಿನ ಡಾಕ್ಟ್ರಾ? ಯಾಕೆ? ನಂಗೇನಾಗಿದೆ? ಎಲ್ಲಾದಕ್ಕೂ ಡಾಕ್ಟ್ರು ನಿಂಗೆ. ಈ ಹಾಳೆ ಕಳಪೆ ಅಕ್ಕ, ಅಷ್ಟೇ ವಿಷಯ. ಬೇಕಿದ್ರೆ ನೀನೇ ನೋಡು. ಮುಚ್ಚಳ ಹಾಕ್ತೀನಿ, ಇರು... ಸ್ಕ್ರೂ ನೀನೇ ಕೂರಿಸ್ಕೊಡು, ನಿನ್ನ ಉಗುರು ಉದ್ದ ಇದೆ. ಹಾಂ. ಬಲಗಡೆ ಗುಂಡಿ ಒತ್ತು. ಕೊಡು ಇಲ್ಲಿ.

ನೋಡು. ಏನಿದೆ? ಏನೂ ಇಲ್ಲ. ಪೂರ್ತಿ ಕಪ್ಪು, ಒಲೆ ಮೇಲಿನ ತವಾ ತರ. ಓರೆ ಮಾಡಿದ್ರೂ ಕಪ್ಪು. ಕಿಟಕಿ ಹತ್ರ ಹಿಡಿದ್ರೂ... ಕಪ್ಪೇ. ಹೇಳಿದ್ನಲ್ಲ, ಹಾಳೇದೇ ತಪ್ಪು. ನಾಳೆ ಸಂಜೆ ಒಳ್ಳೇದು ತರ್ತೀನಿ. ತಗೋ, ನೀನೂ ನೋಡು, ನೋಡಿ ಹೇಳು. ಏನೂ ಕಾಣ್ತಿಲ್ಲ ಅಲ್ವಾ?

ಅಕ್ಕ?

ಬೆಳಕಿಗೆ ಹಿಡಿದು ನೋಡು. ಆಯ್ತಾ? ಏನೂ ಇಲ್ಲ ತಾನೇ? ಇಲ್ಲ ಅಂತ ಹೇಳಿಬಿಡು, ಅಷ್ಟೇ ಸಾಕು ನಂಗೆ. ದಂಡಕ್ಕೆ ದುಡಿದೆ ಅಂತ ಬೈದುಬಿಡು. ನಿಂಗೊಂದು ವಾಚು ಮಾಡೋಕೂ ಬರಲ್ಲ ಅನ್ನು. ಬೇರೆ ದಿನ ಆಗಿದ್ರೆ ಇಷ್ಟೊತ್ತಿಗೆ ಮನೆ ತಾರಸಿ ಕಿತ್ತು ಹೋಗೋ ಹಾಗೆ ಬೈತಿದ್ದೆ... ಯಾಕೆ ಸುಮ್ನಾದೆ?

ಅಕ್ಕ, ನಂಗೆ ಭಯ ಆಗ್ತಿದೆ. ಏನಾದ್ರೂ ಹೇಳು.

ನೀನು ಅಳ್ತಾ ಇದೀಯ... ವಾಚು ಕೆಟ್ಟಿದ್ರೆ ಯಾರಾದ್ರೂ ಅಳ್ತಾರಾ?

ಇದೆ ಅಲ್ವಾ. ಅಂಕಿ ಇದೆ. ಚೆನ್ನಾಗಿ ಕಾಣುತ್ತಾ? ಬೆಳ್ಳಗೆ, ದಪ್ಪಗೆ?

ಹಾಗಾದ್ರೆ ನಾನು ಸರಿಯಾಗೇ ಮಾಡಿದೀನಿ.

ಇಲ್ಲೇ ಕೂತಿರು, ಎದ್ದು ಹೋಗ್ಬೇಡ. ಸ್ವಲ್ಪ ಹೊತ್ತು... ಮುಂದೆ ಸೀಟಲ್ಲಿ ದಿನಾ ಪುಟ್ಟಿನೇ ಕೂರೋದು ಅಕ್ಕ. ಸಿಗ್ನಲ್ ಕೆಂಪು ಬಿತ್ತು ಮಾಮ, ಹಸಿರು ಬಂತು ಮಾಮ ಅಂತ ಅವಳೇ ಹೇಳ್ತಾಳೆ. ನಾನೇ ಹೇಳ್ಕೊಟ್ಟಿದ್ದು, ಆಟ ಅಂತ.

ನಾಳೆ ಅವಳನ್ನ ನೀನೇ ಶಾಲೆಗೆ ಬಿಡು. ಉಳಿದ ಮನೆಯವರಿಗೂ ಈಗಲೇ ಫೋನ್ ಮಾಡಿ ಹೇಳಿಬಿಡು, ವ್ಯಾನ್ ಬರಲ್ಲ ಅಂತ. ಫೋನು ಆ ಮೇಜಿನ ಮೇಲೇ ಇದೆ, ತಗೋ. ನಂಬರು ನಂಗೆ ಕಾಣಲ್ಲ.