ರಸಪ್ರಶ್ನೆ ಕೂಟದಲ್ಲಿ ಮೂರು ಸಲ ಎತ್ತಿದ ಕೈಯ ಬಗ್ಗೆ

ಹೇಳಿಕೆ ಕೊಡುತ್ತಿರುವವನ ವಯಸ್ಸು 24. ಉದ್ಯೋಗ: ಲಿಫ್ಟ್ ದುರಸ್ತಿ ಕಂಪನಿಯ ದೂರು ವಿಭಾಗದಲ್ಲಿ ಕಿರಿಯ ಸಹಾಯಕ. ವಾಸ: ಐದನೇ ಅಡ್ಡರಸ್ತೆ, ಔಷಧಿ ಅಂಗಡಿಯ ಮೇಲಿನ ಮಹಡಿ. ಸರಿಯಾದ ಹೆಸರು ಲಗತ್ತಿಸಿದ ಗುರುತಿನ ಚೀಟಿಯಲ್ಲಿದೆ. ಕಚೇರಿಯಲ್ಲಿ ನನ್ನನ್ನು ಕರೆಯುವುದು ತರಲೆ ಎಂದು. ಅದನ್ನೂ ಬರೆದುಕೊಳ್ಳಬೇಕೆಂದು ಕೋರಿದ್ದೇನೆ, ಏಕೆಂದರೆ ಮುಂದಿನ ಸಂಗತಿಗಳಿಗೆ ಅದೇ ಮೂಲ. ಠಾಣೆಗೆ ನಾನಾಗಿಯೇ ಬಂದು, ಯಾರೂ ಹೇಳಿಕೊಡದೆ, ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ವಿಭಾಗದಲ್ಲಿ ಏಳು ಮಂದಿ ಇದ್ದೆವು. ಎಲ್ಲರೂ ಅವರವರ ಮನೆಯಿಂದಲೇ ಕೆಲಸ. ಎಲ್ಲೋ ಒಂದು ಕಟ್ಟಡದ ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡು ಅಪಾಯದ ಗಂಟೆ ಒತ್ತಿದರೆ ಅದು ನಮ್ಮ ಕಿವಿಗೆ ಬರುತ್ತದೆ. ಹತ್ತಕ್ಕೆ ಆರು ಸಲ ಮಕ್ಕಳ ಕಿತಾಪತಿ. ಆದ್ದರಿಂದ ನಮ್ಮಲ್ಲಿ ಒಂದು ನಿಯಮವಿದೆ. ಒಳಗೆ ಯಾರಾದರೂ ಇದ್ದೀರಾ ಎಂದು ಮೂರು ಸಲ ಕೇಳದೆ ದಾಖಲೆಯಲ್ಲಿ 'ಸುಳ್ಳು ಗಂಟೆ' ಎಂದು ಬರೆಯಕೂಡದು.

ಈ ನಿಯಮವನ್ನು ನನಗೆ ಕಲಿಸಿದವರು ಮೃತರು. ಅವರಿಗೆ 53 ವರ್ಷ. ನಾವೆಲ್ಲ ದೊಡ್ಡಪ್ಪ ಎಂದೇ ಕರೆಯುತ್ತಿದ್ದೆವು. ಕೆಲಸಕ್ಕೆ ಸೇರಿದ ಎರಡನೇ ದಿನ ನಾನು ಒಂದೇ ಸಲ ಕೇಳಿ ಸುಳ್ಳು ಎಂದು ಬರೆದಿದ್ದೆ. ಅವರು ಅದೇ ಲಿಫ್ಟಿಗೆ ಮತ್ತೆ ಕರೆ ಹಚ್ಚಿದಾಗ ಒಳಗೆ ಒಬ್ಬ ಅಜ್ಜಿ ಇದ್ದರು. ಆಗ ದೊಡ್ಡಪ್ಪ ನನಗೆ, ಉಸಿರು ಕಟ್ಟಿದವರಿಗೆ ಕೂಗೋಕೆ ಆಗಲ್ಲ ಮಗನೇ, ಗಂಟೆ ಒತ್ತೋಕಷ್ಟೇ ಆಗೋದು ಎಂದು ಹೇಳಿದ್ದರು. ಬೈಯಲಿಲ್ಲ.

ವರ್ಷಾಂತ್ಯದ ರಜೆಯಲ್ಲಿ ಎಲ್ಲರೂ ಪರದೆಯ ಮೇಲೆ ಸೇರಿ ರಸಪ್ರಶ್ನೆ ಆಡುವುದೆಂದು ಮೇಲ್ವಿಚಾರಕಿ ಮೇಡಂ ಡಿಸೆಂಬರ್ 5ರಂದು ತಿಳಿಸಿ, ಏರ್ಪಾಡನ್ನು ನನಗೆ ಒಪ್ಪಿಸಿದರು. ಕೋತಿಗೆ ಮಾಣಿಕ್ಯ ಕೊಟ್ಟ ಹಾಗಾಯ್ತು ಎಂದು ನಮ್ಮ ವಿಭಾಗದ ಟೈಪಿಸ್ಟ್ ಅಕ್ಕ ಅಂದಿದ್ದು ನಿಜ. ಮೂರು ವಾರ ಕೂತು ಇಪ್ಪತ್ತು ಪ್ರಶ್ನೆ ಮತ್ತು ಹನ್ನೊಂದು ಕಲಮುಗಳ ಒಂದು ಸುತ್ತೋಲೆ ತಯಾರಿಸಿದೆ. ಕಲಮು 4: ಪ್ರಶ್ನೆ ಕೇಳುವವನ ತೀರ್ಪೇ ಅಂತಿಮ, ಮೇಲ್ಮನವಿಗೆ ಅವಕಾಶವಿಲ್ಲ. ಕಲಮು 7: ಎಲ್ಲರ ಮೈಕುಗಳನ್ನೂ ಮುಚ್ಚಲಾಗುವುದು, ತೆರೆಯುವ ಅಧಿಕಾರ ನನಗೆ ಮಾತ್ರ, ಉತ್ತರ ಗೊತ್ತಿದ್ದವರು ಕೈ ಎತ್ತುವ ಗುಂಡಿ ಒತ್ತತಕ್ಕದ್ದು. ಕಲಮು 9: ಪ್ರಶ್ನೆ ಮುಗಿಯುವ ಮೊದಲೇ ಒತ್ತಿದರೆ ಅದು ಸುಳ್ಳು ಗಂಟೆ, ಐದು ಅಂಕ ಕಡಿತ.

ಏಳನೇ ಕಲಮನ್ನು ಬರೆದದ್ದೇ ದೊಡ್ಡಪ್ಪನಿಗಾಗಿ. ಹಿಂದಿನ ವರ್ಷ ಅವರು ಬೇರೆಯವರ ಸರದಿಯಲ್ಲೂ ಉತ್ತರ ಒದರಿ ಎಲ್ಲರ ಬಾಯಿಗೂ ಮಣ್ಣು ಹಾಕಿದ್ದರು. ಸುತ್ತೋಲೆ ಓದಿ ಗುರುವಾರ ಬೆಳಿಗ್ಗೆ 11.20ಕ್ಕೆ ಫೋನ್ ಮಾಡಿದರು. ನನ್ನೊಬ್ಬನ ಬಾಯಿಗೆ ಬೀಗ ಹಾಕೋಕೆ ಇಷ್ಟುದ್ದ ಕಾಯ್ದೆ ಮಾಡಿದ್ಯೇನೋ, ಇರು, ಶನಿವಾರ ಕ್ಯಾಮೆರಾ ಮುಂದೆ ನಿನಗೆ ಒಂದು ಆಟ ತೋರಿಸ್ತೀನಿ ಎಂದರು. ತೋರಿಸಿ ದೊಡ್ಡಪ್ಪ, ಅಭಿನಯಕ್ಕೂ ಅಂಕ ಕೊಡ್ತೀನಿ ಎಂದು ನಾನು ಹೇಳಿದೆ.

ಡಿಸೆಂಬರ್ 27, ಶನಿವಾರ, ಮಧ್ಯಾಹ್ನ 4.00ಕ್ಕೆ ಕೂಟ ಆರಂಭವಾಯಿತು. ನಾನು ಅಣ್ಣನ ಮದುವೆಯ ಕೋಟು ತೊಟ್ಟಿದ್ದೆ. ಮೈಕುಗಳನ್ನು ಮುಚ್ಚಿದೆ. ಆಮೇಲೆ ಯಾರ ನಗುವೂ ಕೇಳಿಸಲಿಲ್ಲ, ಹಲ್ಲು ಮಾತ್ರ ಕಂಡವು.

4.31ಕ್ಕೆ ಹದಿನಾಲ್ಕನೇ ಪ್ರಶ್ನೆ ಓದುತ್ತಿದ್ದೆ. ಆಕ್ಟೋಪಸ್ಸಿಗೆ ಎಷ್ಟು ಹೃದಯ ಎಂಬುದು ಪ್ರಶ್ನೆ. ಅರ್ಧಕ್ಕೇ ಪರದೆಯಲ್ಲಿ ದೊಡ್ಡಪ್ಪನ ಕೈಯ ಗುರುತು ಎದ್ದಿತು. ಸುಳ್ಳು ಗಂಟೆ ಎಂದು ಸಾರಿ ಐದು ಅಂಕ ಕಡಿದು ಕೈ ಇಳಿಸಿದೆ. 4.32ಕ್ಕೆ ಮತ್ತೆ ಎದ್ದಿತು. ದೊಡ್ಡಪ್ಪನವರೇ, ನ್ಯಾಯಾಲಯದ ತಾಳ್ಮೆ ಪರೀಕ್ಷಿಸಬೇಡಿ ಎಂದು ಮತ್ತೆ ಐದು ಕಡಿದೆ. ಅವರ ಎಡಗೈ ಅಂಗಿಯ ಕಾಲರಿನೊಳಗೆ ಹೋಗಿತ್ತು. ಬಾಯಿ ಆಡುತ್ತಿತ್ತು. ಗುರುವಾರ ಹೇಳಿದ ಆಟ ಇದೇ ಎಂದುಕೊಂಡೆ. 4.34ಕ್ಕೆ ಮೂರನೇ ಸಲ. ಇನ್ನೈದು ಕಡಿದು, ಅಭಿನಯಕ್ಕೆ ಎರಡು ಕೊಟ್ಟೆ. ಉಳಿದ ಐವರೂ ನಕ್ಕರು. ಮೇಡಂ ಚಪ್ಪಾಳೆ ತಟ್ಟಿದ್ದನ್ನು ನೋಡಿದ್ದೇನೆ. 4.36ಕ್ಕೆ ದೊಡ್ಡಪ್ಪ ಕುರ್ಚಿಯಿಂದ ಜಾರಿದರು. ಪರದೆಯಲ್ಲಿ ಕುರ್ಚಿಯ ಬೆನ್ನು ಮತ್ತು ಗೋಡೆಯ ಕ್ಯಾಲೆಂಡರ್ ಉಳಿದವು.

ನಾನು ಹದಿನೈದನೇ ಪ್ರಶ್ನೆಗೆ ಹೋದೆ. ಇಪ್ಪತ್ತರವರೆಗೂ ಕೇಳಿದೆ.

4.49ಕ್ಕೆ ಫಲಿತಾಂಶ ಓದಿದೆ. ಐದು ಅಂಕ ಪಡೆದು ಕಟ್ಟಕಡೆಯ ಸ್ಥಾನ ಗಳಿಸಿದ ದೊಡ್ಡಪ್ಪನವರು ಎರಡು ಮಾತಾಡಬೇಕೆಂದು ಕೋರಿ ಅವರ ಮೈಕನ್ನು ಮಾತ್ರ ತೆರೆದೆ. ಫ್ಯಾನಿನ ಸದ್ದು ಬಂತು. ಆಗ ಟೈಪಿಸ್ಟ್ ಅಕ್ಕ ಪರದೆಯ ಬದಿಯಲ್ಲಿ, ತರಲೆ, ಸಾಕು ಕಣೋ, ಮೂರು ಸಲ ಕೇಳು ಎಂದು ಬರೆದರು. ದೊಡ್ಡಪ್ಪ ಇದ್ದೀರಾ ಎಂದು ಮೂರು ಸಲ ಕೇಳಿದೆ. ಮೂರನೆಯದನ್ನು ಎದ್ದು ನಿಂತು ಕೇಳಿದೆ.

4.51ಕ್ಕೆ ಆಂಬುಲೆನ್ಸಿಗೆ ಫೋನ್ ಮಾಡಿದೆ. ದೊಡ್ಡಪ್ಪನ ಮಗಳಿಗೆ ಮೇಡಂ ತಿಳಿಸಿದರು. ಆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ; ಮಗಳು ಆಗ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದರು. ಮಗಳು ಫೋನ್ ಮಾಡಿದ ಮೇಲೆ ಎದುರು ಮನೆಯ ಹೆಂಗಸು 4.56ಕ್ಕೆ ತಮ್ಮಲ್ಲಿದ್ದ ಬೀಗದ ಕೈಯಿಂದ ಬಾಗಿಲು ತೆಗೆದರು. ಆಂಬುಲೆನ್ಸ್ 5.02ಕ್ಕೆ ಬಂತು. ನನ್ನ ಮನೆಯಿಂದ ಅಲ್ಲಿಗೆ 3.4 ಕಿಲೋಮೀಟರ್. ಸ್ಕೂಟರಿನಲ್ಲಿ 5.04ಕ್ಕೆ ತಲುಪಿದೆ. ಕೋಟು ಮೈಮೇಲೇ ಇತ್ತು.

ಆಂಬುಲೆನ್ಸಿನವರು ದೊಡ್ಡಪ್ಪನನ್ನು ನೆಲದ ಮೇಲೆ ಮಲಗಿಸಿ ಎದೆ ಒತ್ತುತ್ತಿದ್ದರು. ಎರಡೂ ಮನೆಗಳ ಬಾಗಿಲುಗಳ ನಡುವೆ ಎರಡು ಮೀಟರ್ ಅಂತರ. ಒಂದು ಕೂಗು ಹಾಕಿದ್ರೆ ಓಡಿ ಬರ್ತಿದ್ದೆನಲ್ಲಪ್ಪ, ಮಧ್ಯಾಹ್ನದಿಂದ ಇಲ್ಲೇ ಇದ್ದೆ ಎಂದು ಎದುರು ಮನೆಯ ಹೆಂಗಸು ನನಗೆ ಎರಡು ಸಲ ಹೇಳಿದರು. ದೊಡ್ಡಪ್ಪ ಕೂಗುವ ಸ್ಥಿತಿಯಲ್ಲಿದ್ದರೋ ಇಲ್ಲವೋ ನನಗೆ ತಿಳಿಯದು. ಬಾಯಿ ಆಡುತ್ತಿದ್ದುದು ತಿಳಿದಿದೆ. ಮೇಜಿನ ಮೇಲಿನ ಲ್ಯಾಪ್‌ಟಾಪ್ ತೆರೆದೇ ಇತ್ತು. ಐವರೂ ಅದರಲ್ಲಿ ಏನೋ ಹೇಳುತ್ತಿದ್ದರು. ಅವರ ಮೈಕುಗಳನ್ನು ತೆರೆಯದೆ ನಾನು ಮನೆ ಬಿಟ್ಟಿದ್ದೆ, ಸದ್ದು ಬರಲಿಲ್ಲ.

ಲ್ಯಾಪ್‌ಟಾಪಿನ ಪಕ್ಕದಲ್ಲಿ ಒಂದು ಫಲಕವನ್ನು ಬೋರಲು ಹಾಕಿಟ್ಟಿದ್ದರು. ತಿರುಗಿಸಿ ನೋಡಿದೆ, ಅದು ನಮ್ಮ ಕಂಪನಿಯದು. 'ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಬಳಸಿ' ಎಂದಿತ್ತು. ಲಿಫ್ಟ್ ಎಂಬುದನ್ನು ಹೊಡೆದು ಹಾಕಿ ಮೇಲೆ ತರಲೆ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಗುರುವಾರ ಹೇಳಿದ ಆಟ ಅದು. ಇನ್ನೂ ಆಡಿರಲಿಲ್ಲ.

ಆಸ್ಪತ್ರೆಯಲ್ಲಿ 5.40ಕ್ಕೆ, ಜೀವ ಹೋಗಿದೆ ಎಂದು ವೈದ್ಯರು ತಿಳಿಸಿದರು. ಬೇಗ ಬಂದಿದ್ದರೆ ಎಂದು ನಾನು ಕೇಳಿದ್ದಕ್ಕೆ, ಹೇಳೋಕಾಗಲ್ಲ ಎಂದರು. 7.10ಕ್ಕೆ ಹೊರಗಿನ ಮೊಗಸಾಲೆಯಲ್ಲಿ ಮೇಡಂ, ನೆಟ್ ಸ್ಟಕ್ ಆಗಿತ್ತು, ಚಿತ್ರ ಅಲ್ಲಾಡಲಿಲ್ಲ ಅಂತ ಎಲ್ಲರೂ ಒಂದೇ ಮಾತು ಹೇಳೋಣ, ನೀನು ಇನ್ನೂ ಬದುಕಿ ಬಾಳಬೇಕಾದ ಹುಡುಗ ಎಂದರು. ಅವರು ಅಳುತ್ತಿದ್ದರು, ಕೇಡು ಬಯಸಿ ಹೇಳಿದ್ದಲ್ಲ. 7.25ಕ್ಕೆ ಮಗಳು ನನ್ನ ಬಳಿ ಬಂದು, ಅಪ್ಪ ಕೊನೆಗೆ ಏನಾದ್ರೂ ಹೇಳಿದ್ರಾ, ಯಾರನ್ನಾದ್ರೂ ಕರೆದ್ರಾ ಎಂದು ಕೇಳಿದರು. ನೆಟ್ ಸ್ಟಕ್ ಆಗಿತ್ತು ಅಕ್ಕ ಎಂದು ಹೇಳಿದೆ.

ಅದು ಸುಳ್ಳು. ನೆಟ್ ಚೆನ್ನಾಗಿತ್ತು. ಅವರು ಮೂರು ಸಲ ಕರೆದರು. ಕರೆದದ್ದು ನನ್ನನ್ನು. ಮೂರು ಸಲವೂ ಕೈ ಇಳಿಸಿದವನು ನಾನು, ಮೈಕು ಮುಚ್ಚಿದವನೂ ನಾನೇ. ಉಳಿದವರಿಗೆ ತೆರೆಯುವ ಅಧಿಕಾರವಿರಲಿಲ್ಲ. ಕೂಟದ ಚಿತ್ರಮುದ್ರಿಕೆಯನ್ನೂ ಅಂಕಪಟ್ಟಿಯನ್ನೂ ಒಪ್ಪಿಸಿದ್ದೇನೆ. ಪಟ್ಟಿಯಲ್ಲಿ ಅವರ ಸಾಲಿನ ಮುಂದೆ ಸುಳ್ಳು ಗಂಟೆ ಎಂದು ಮೂರು ಕಡೆ ಇದೆ. ಅದು ನನ್ನ ಕೈಬರಹ. ಹೊಡೆದು ಹಾಕಿಲ್ಲ, ಸಾಕ್ಷ್ಯವಾದ್ದರಿಂದ ಮುಟ್ಟಬಾರದೆಂದು ಠಾಣೆಯ ಬರಹಗಾರರು ತಿಳಿಸಿದರು.

ಅವರ ಮಗಳು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾರೆ. ಈ ಹೇಳಿಕೆಯನ್ನು ಅವರಿಗೆ ನಾನೇ ಓದಿ ಹೇಳಲು ಅನುಮತಿ ಕೋರುತ್ತೇನೆ.

ಮೇಲೆ ಬರೆಸಿದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ, ಇದರಲ್ಲಿ ತಮಾಷೆ ಇಲ್ಲ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನಾಂಕ: ಡಿಸೆಂಬರ್ 29, ಬೆಳಿಗ್ಗೆ 10.45
ಸಹಿ: ಗುರುತಿನ ಚೀಟಿಯಲ್ಲಿರುವಂತೆ