ಎರಡು ಜಡೆಯ ಕೂಸು

ಶಿರಸಿ ಬಸ್ ನಿಲ್ದಾಣದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಶಾಯಿಸ್ತಾ ಟೀಚರ್ ಪಕ್ಕದಲ್ಲಿ, ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಅಣ್ಣನ ಜೊತೆ ಕೂತಿದ್ದಳು.

“ಕಂಪ್ಯೂಟರಲ್ಲಿ ತಲೆ ಗಡ್ಡೆ ಪೂರಾ ಕಂಡಿತ್ತಲೇ ರಾಜೀವಿ, ಡಾಕ್ಟ್ರು ಚೂರು ಎಂತಕ್ಕೆ ಬಿಟ್ಟ?”

“ಅದು ಮಾತಿನ ಜಾಗಕ್ಕೆ ತಾಗಿತ್ತು ಅಣ್ಣ. ಎನ್ನ ಎಚ್ಚರ ಇಟ್ಗಂಡೇ ಕೊಯ್ತಾ, ಚಿತ್ರ ತೋರ್ಸಿ ಹೆಸರು ಕೇಳ್ತಿದ್ದ. ನಮ್ಮ ಮಗಳು ಅಭಿಜ್ಞಾ ಹಂಗೆ ಎರಡು ಜಡೆ ಹುಡುಗಿ ಬಂತು. ಆನು ಕೂಸು ಹೇಳ್ದಿ.”

“ನಮ್ಮ ಕಡೆ ಹುಡುಗಿಗೆ ಕೂಸು ಹೇಳೇ ಹೇಳದು ಅಲ್ದಾ?”

“ಅವಕ್ಕೆ ಕೂಸು ಅಂದ್ರೆ ತೊಟ್ಟಿಲ ಶಿಶು. ಮೂರು ಸಲ ಕೇಳ್ದ, ಮೂರು ಸಲವೂ ಕೂಸು ಹೇಳ್ದಿ. ಮಾತು ತಪ್ತಾ ಇದ್ದು ಹೇಳಿ ಕೊಯ್ಯದು ಅಲ್ಲಿಗೇ ನಿಲ್ಸಿದ.”

ಶಾಯಿಸ್ತಾಳ ಕೆಂಪು ಪೆನ್ನು ನಿಂತಿತು.

“ಆ ಚೂರು?”

“ಮತ್ತೆ ಬೆಳೀತಡ. ಇನ್ನೊಂದು ಸಲ ತಲೆ ಬಿಚ್ಚಲೆ ಆಗ್ತಿಲ್ಯಡ.”

ಯಲ್ಲಾಪುರದ ಬಸ್ಸು ಬಂತು. ಅಣ್ಣ ಚೀಲ ಎತ್ತಿಕೊಂಡ.

“ಮನೆಲಿ ಕೂಸು ಕೇಳಿದ್ರೆ?”

“ಪೂರಾ ತೆಗೆದ ಹೇಳಿ ಹೇಳು,” ಎನ್ನುತ್ತ ರಾಜೀವಿ ಬಸ್ಸು ಹತ್ತಿದಳು.