ಎರಡನೇ ಹಾಳೆ

...ಬೇಡ ಜೋಸೆಟ್, ಎದ್ದೇಳಬೇಡ. ನಿನ್ನ ಪಾಡಿಗೆ ನೀನು ಜಾಯಿಕಾಯಿ ನೀರಿಗೆ ಹಾಕ್ತಾ ಇರು. ನಾನು ಈ ಮೂಟೆ ಮೇಲೇ ಕೂತ್ಕೋತೀನಿ. ಮೊನ್ನೆ ನಿಮ್ಮಮ್ಮನ್ನ ಮಣ್ಣು ಮಾಡಿ ಬರುವಾಗ ಕೇಳಿದೆಯಲ್ಲ, "ಅಮ್ಮನ ಬೈಬಲ್ಲಲ್ಲಿ ಹಳೇ ಕಾಗದ ಸಿಕ್ತು ಮೇಷ್ಟ್ರೇ, ರಿವ್ಯಾಲ್ಯೂ ಅಂದ್ರೇನು?" ಅಂತ. ಅದನ್ನ ಹೇಳೋಣ ಅಂತಲೇ ಬಂದೆ.

ಅಂಥಾ ದೊಡ್ಡ ಪದ ಏನಲ್ಲ. ಒಂದ್ಸಲ ಬೆಲೆ ಕಟ್ಟಿದ್ದನ್ನ ಇನ್ನೊಂದ್ಸಲ ನೋಡೋದು. ದುಡ್ಡಿಗೂ ಹೇಳ್ತಾರೆ, ಮನೆಗೂ ಹೇಳ್ತಾರೆ. ಆ ದೊಡ್ಡ ಬಿರುಗಾಳಿ ಆದ್ಮೇಲೆ ನಮ್ಮ ಮನೇನ ರಿವ್ಯಾಲ್ಯೂ ಮಾಡೋಕೆ ಬಂದಿದ್ರು... ಸೂರೇ ಹಾರಿಹೋಗಿತ್ತು, ಬಂದವನು ಬಾಗಿಲು ತಟ್ಟಿ ಒಳಗೆ ಬಂದ. ನಗು ಬರಲಿಲ್ವಾ? ಚಿಕ್ಕವಳಿದ್ದಾಗ ನನ್ನ ಇಂಥ ಮಾತಿಗೆ ಬಿದ್ದು ಬಿದ್ದು ನಗ್ತಿದ್ದೆ.

ಅದೇನು, ತೇಲಿದ ಕಾಯಿನ ಮತ್ತೆ ನೀರಲ್ಲಿ ಅದುಮ್ತಿದೀಯಾ? ತೇಲಿದ್ದು ಟೊಳ್ಳು, ಮುಳುಗಿದ್ದು ಗಟ್ಟಿ, ಅಷ್ಟೇ ತಾನೇ? ...ಹೌದು, ನಿಮ್ಮಮ್ಮನೂ ಹಾಗೇ ಮಾಡೋಳು. ಗಾಳಿ ಹಿಡಿದು ತೇಲಿರಬಹುದು, ಇನ್ನೊಂದ್ಸಲ ನೋಡಬೇಕು ಮೇಷ್ಟ್ರೇ ಅನ್ನೋಳು.

ನಿನ್ನ ಪರೀಕ್ಷೆ ಪೇಪರ್ ಇನ್ನೊಂದ್ಸಲ ನೋಡಿ ಅಂತ ಅರ್ಜಿ ಬರೆದವನು ನಾನೇ, ಮರೀಬೇಡ. ಇಡೀ ಶಾಲೆಗೆ ನೀನೇ ಜಾಣೆ, ನಿನಗೆ ಕಮ್ಮಿ ಬಂದಾಗ ನನಗೇ ನಂಬಿಕೆ ಬರಲಿಲ್ಲ. ಆಮೇಲೆ ಆ ಕಾಗದ ನನ್ನ ಹೆಸರಿಗೆ ಬಂತು. ನಿಮ್ಮಮ್ಮ ಇದೇ ತೊಟ್ಟಿ ಹತ್ರದಿಂದ ಓಡಿಬಂದ್ಲು, ಅವಳಿಗೆ ಓದೋಕೆಲ್ಲಿ ಬರ್ತಿತ್ತು, ಪಾಪ. ಈ ಪದದ ಅರ್ಥಾನೇ ಕೇಳಿದ್ಲು. ಇನ್ನೊಂದ್ಸಲ ನೋಡಿದ್ರು ಕಣಮ್ಮ, ಅಂದೆ. "ಅಷ್ಟೇನಾ? ಏನೂ ಬದಲಾಗಲಿಲ್ವಾ?" ಅಂದ್ಲು. ಇಲ್ಲ ಅಂದೆ. ಥ್ಯಾಂಕ್ಸ್ ಹೇಳಿ ಹೋದ್ಲು. ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೂ ನನಗೊಂದು ಬಾಟ್ಲಿ ಜಾಯಿಕಾಯಿ ಜಾಮ್ ತಂದುಕೊಡೋಳು. ಇಪ್ಪತ್ತಾರು ವರ್ಷ ಕೊಟ್ಲು. ನಾನೂ ತಿಂದೆ.

ಯಾಕೆ ಹಾಗೆ ನೋಡ್ತೀಯಾ? ಹೈಸ್ಕೂಲಲ್ಲಿ ನಮ್ಮೂರಿಗೆ ಇದ್ದಿದ್ದು ಒಂದೇ ಫ್ರೀ ಸೀಟು. ನನ್ನ ಮಗಳು ವೆರ್ಲಿನ್‌ಗೆ ಸಿಕ್ತು, ನಾನೇನು ಕದ್ದೆನಾ? ಅವಳೂ ಕಷ್ಟಪಟ್ಟು ಓದಿದ್ಲು. ನಿನಗಿಂತ ಎರಡೇ ಎರಡು ಮಾರ್ಕು ಕಮ್ಮಿ...

ಕೈ ಯಾಕೆ ನಿಂತುಹೋಯ್ತು?

ನಾನೇನಂದೆ... ವಯಸ್ಸಾಯ್ತು ನೋಡು, ನಾಲಿಗೆ ಹಿಡಿತದಲ್ಲಿರಲ್ಲ. ಜಾಸ್ತಿ ಅನ್ನೋಕೆ ಹೋಗಿ... ಅದೇನದು, ಆ ಕಾಗದಾನಾ? ಇಲ್ಲೇ ಇಟ್ಕೊಂಡಿದೀಯಾ? ಎಲ್ಲಿ ಬೆರಳಿಡ್ತಿದೀಯಾ, ಕನ್ನಡಕ ತಂದಿಲ್ಲ ನಾನು... ಕೆಳಗೆ... ಹೌದು. ಎರಡರಲ್ಲಿ ಒಂದನೇ ಹಾಳೆ ಅಂತ ಬರೆದಿದೆ.

ಹೌದು ಮಗಳೇ. ಎರಡನೇದೂ ಇತ್ತು. ಅಂಕಿ ಆದ್ರೆ ನಿಮ್ಮಮ್ಮನೂ ಓದಿಬಿಡೋಳು, ಅದಕ್ಕೇ ಅದನ್ನ ನಾನು ಮೇಜಿನ ಡ್ರಾಯರಿಗೆ ಹಾಕ್ಕೊಂಡೆ.

ಇವತ್ತು ಜೇಬಲ್ಲಿ ಇಟ್ಕೊಂಡೇ ಬಂದಿದೀನಿ. ಹೇಳ್ತೀನೋ ಇಲ್ವೋ ನನಗೇ ಗೊತ್ತಿರಲಿಲ್ಲ. ಪದದ ಅರ್ಥ ಕೇಳಿದೆಯಲ್ಲ, ಸರಿಯಾಗಿ ಹೇಳ್ತೀನಿ ಕೇಳು: ಹೊಸದಾಗಿ ಬೆಲೆ ಕಟ್ಟೋದು. ನಿನಗೆ ಕಟ್ಟಿದ್ರು. ಸೋಮವಾರ ಬಂದು ಸೇರ್ಕೋ ಅಂತ ಬರೆದಿದ್ರು. ನೀನು ಆ ಸೋಮವಾರ ಈ ತೊಟ್ಟಿ ಹತ್ರ ಬಂದು ಕೂತೆ.

ಬೈದುಬಿಡು ಜೋಸೆಟ್. ಉಗಿ ನನ್ನ ಮುಖಕ್ಕೆ.

ಏಪ್ರನ್ನಿಗೆ ಯಾಕೆ ಕೈ ಒರೆಸ್ಕೋತಿದೀಯಾ? ಹಾಳೆ ಒದ್ದೆ ಆಗ್ಬಾರ್ದು ಅಂತಾನಾ?

ಅವತ್ತು ಕಾಗದ ಇಸ್ಕೊಳ್ಳೋಕೆ ನಿಮ್ಮಮ್ಮನೂ ನನ್ನ ಬಾಗಿಲಲ್ಲಿ ನಿಂತು ಹೀಗೇ ಒರೆಸ್ಕೊಂಡಿದ್ಲು.